ಇಲ್ಲದ ಮೆಮೊರಿಯನ್ನು ಹಂಚಿದ ಕಥೆ

ಸಾವಿರ ಲಗ್ನಪತ್ರಿಕೆ ಹಂಚಿದ ಮನೆಯವರು ಸಾವಿರ ಎಲೆಗೆ ಅಡುಗೆ ಮಾಡಿಸುವುದಿಲ್ಲ. ಕರೆದವರೆಲ್ಲ ಬರುವುದಿಲ್ಲ, ಬಂದವರೂ ಒಂದೇ ಪಂಕ್ತಿಗೆ ಕೂರುವುದಿಲ್ಲ ಎಂಬುದು ಅಡುಗೆ ಭಟ್ಟರಿಗೆ ಗೊತ್ತು. ಗಣಕಯಂತ್ರಗಳ ಲೋಕ ಇದೇ ಲೆಕ್ಕಾಚಾರವನ್ನು ನೆಚ್ಚಿಕೊಂಡು ಅರವತ್ತು ವರ್ಷಗಳ ಮೇಲಾಯಿತು.

ಕಂಪ್ಯೂಟರಿನ ಮೆಮೊರಿ ಆಗ ಬಹಳ ದುಬಾರಿ. 1962ರ ಡಿಸೆಂಬರ್ 7ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಉದ್ಘಾಟನೆಯಾದ 'ಅಟ್ಲಾಸ್' ಯಂತ್ರದ ಮುಖ್ಯ ಮೆಮೊರಿ ತೀರಾ ಚಿಕ್ಕದು. ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ಅದಕ್ಕೆ ತಿರುಗುವ ಅಯಸ್ಕಾಂತೀಯ ಡ್ರಮ್ಮುಗಳನ್ನು ಜೋಡಿಸಿ, ಎರಡೂ ಸೇರಿ ಒಂದೇ ಉಗ್ರಾಣವೆಂದು ಪ್ರೋಗ್ರಾಮುಗಳು ನಂಬುವಂತೆ ಮಾಡಿದರು. ಮಾಹಿತಿಯನ್ನು 'ಪುಟ'ಗಳಾಗಿ ಕತ್ತರಿಸಿ, ಸದ್ಯಕ್ಕೆ ಬೇಡವಾದುದನ್ನು ಡ್ರಮ್ಮಿಗೆ ಕಳಿಸುವುದು, ಬೇಕಾದಾಗ ತರಿಸಿಕೊಳ್ಳುವುದು, ಉಪಾಯ ಇಷ್ಟೇ.

ಇಡೀ ಯಂತ್ರವನ್ನೇ ಹೀಗೆ ಹಂಚುವ ಧೈರ್ಯ ಮಾಡಿದ್ದು ಅಮೆರಿಕದ ಕೇಂಬ್ರಿಡ್ಜ್‌ನಲ್ಲಿದ್ದ ಐಬಿಎಂ ಕೇಂದ್ರ. ರಾಬರ್ಟ್ ಕ್ರೀಸಿ, ಲೆಸ್ ಕೋಮೊ ಮತ್ತಿತರರು ರೂಪಿಸಿದ 'ಸಿಪಿ-40' 1967ರ ಆರಂಭದಲ್ಲಿ ಬಳಕೆಗೆ ಬಂತು. ಒಂದು ಯಂತ್ರದೊಳಗೆ 14ರವರೆಗೆ ತೋರಿಕೆಯ ಯಂತ್ರಗಳು, ಅಂದರೆ 'ವರ್ಚುಯಲ್ ಮಷೀನ್'ಗಳು. ತನಗೆ 256 ಕಿಲೋಬೈಟ್ ಮೆಮೊರಿ ಇದೆಯೆಂದೇ ಪ್ರತಿಯೊಂದರ ಭಾವನೆ. ತಮಾಷೆಯೆಂದರೆ ನಿಜವಾದ ಯಂತ್ರದಲ್ಲಿ ಒಟ್ಟು ಇದ್ದದ್ದೂ 256 ಕಿಲೋಬೈಟೇ! ಕೊಟ್ಟ ಮಾತು 3,584, ಕೈಯಲ್ಲಿದ್ದದ್ದು 256.

ಟರ್ಮಿನಲ್ ಮುಂದೆ ಕೂತವನು ಯೋಚಿಸುತ್ತ ತಲೆ ಕೆರೆದುಕೊಳ್ಳುವಾಗ ಅವನ ಯಂತ್ರ ಸುಮ್ಮನಿರುತ್ತದೆಯಾದ್ದರಿಂದ ಮಾತು ಉಳಿಯಿತು. ಎಲ್ಲರೂ ಒಟ್ಟಿಗೆ ಕೆಲಸಕ್ಕಿಳಿದರೆ? ಪುಟಗಳನ್ನು ಹೊರಹಾಕಿ ಒಳತರುವುದರಲ್ಲೇ ಯಂತ್ರ ಸುಸ್ತಾಗಿ, ಅಸಲು ಕೆಲಸ ನಿಂತೇ ಹೋಗುತ್ತದೆ. 'ಥ್ರ್ಯಾಶಿಂಗ್' ಎನ್ನಿಸಿಕೊಂಡ ಈ ರೋಗದ ಮೂಲವನ್ನು 1968ರಲ್ಲಿ ಪೀಟರ್ ಡೆನ್ನಿಂಗ್ ವಿವರಿಸಿದರು. ಪ್ರತಿ ಪ್ರೋಗ್ರಾಮಿಗೂ ಆಯಾ ಹೊತ್ತಿನಲ್ಲಿ ಕೈಗೆಟುಕುವಂತೆ ಇರಲೇಬೇಕಾದ ಪುಟಗಳ ಗುಂಪೊಂದಿದೆ. ಅವಕ್ಕೂ ಜಾಗವಿಲ್ಲದಿದ್ದರೆ ಯಾವ ಚಾತುರ್ಯವೂ ನಡೆಯದು.

1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಕಂಪನಿ ಈ ಹಳೆಯ ವಿದ್ಯೆಯನ್ನು ಸಾಮಾನ್ಯ ಕಂಪ್ಯೂಟರುಗಳಿಗೆ ತಂದಾಗ ಒಂದು ಸೂಕ್ಷ್ಮ ತೊಡಕು ಕಾಡಿತು. ಯಾವ ಪುಟ ಮುಖ್ಯ, ಯಾವುದು ಕಸ ಎಂಬುದು ಒಳಗಿರುವ ಬಾಡಿಗೆದಾರನಿಗೆ ಗೊತ್ತೇ ಹೊರತು ಮನೆ ಮಾಲೀಕನಿಗಲ್ಲ. ಮಾಲೀಕ ಹೊರಹಾಕಿದ ಪುಟವನ್ನೇ ಬಾಡಿಗೆದಾರನೂ ಬಿಸಾಡಲು ಹುಡುಕಿದನೆನ್ನಿ. ಬಿಸಾಡುವುದಕ್ಕೆಂದೇ ಅದನ್ನು ಮತ್ತೆ ಒಳತರಬೇಕು!

ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ಪ್ರಕಟಿಸಿದ ಪರಿಹಾರದ ಹೆಸರು 'ಬಲೂನು'. ಪ್ರತಿ ವರ್ಚುಯಲ್ ಮಷೀನಿನೊಳಗೆ ಪುಟ್ಟ ಪ್ರೋಗ್ರಾಮೊಂದನ್ನು ಕೂರಿಸುವುದು. ಮೆಮೊರಿ ಸಾಲದಾದಾಗ ಅದು ಬಲೂನಿನಂತೆ ಊದಿಕೊಂಡು ಒಳಗಿನ ಜಾಗ ಆಕ್ರಮಿಸುತ್ತದೆ. ಇಕ್ಕಟ್ಟಿಗೆ ಸಿಕ್ಕ ಬಾಡಿಗೆದಾರ ತನಗೆ ಬೇಡವಾದ ಪುಟಗಳನ್ನು ತಾನೇ ಆರಿಸಿ ಬಿಟ್ಟುಕೊಡುತ್ತಾನೆ. ಬಲೂನು ಹಿಡಿದ ಜಾಗ ಮಾಲೀಕನ ಪಾಲು. ಬಲವಂತವೇನೋ ಹೌದು, ಆದರೆ ಆಯ್ಕೆ ಬಾಡಿಗೆದಾರನದೇ.

ಹಲವು ಯಂತ್ರಗಳಲ್ಲಿ ಅಕ್ಷರಶಃ ಒಂದೇ ಆಗಿರುವ ಪುಟಗಳ ಒಂದೇ ಪ್ರತಿಯನ್ನು ಇಟ್ಟುಕೊಳ್ಳುವ ಉಪಾಯವೂ ಅದೇ ಪ್ರಬಂಧದಲ್ಲಿತ್ತು. ಹತ್ತು ವಿಂಡೋಸ್ ಎನ್‌ಟಿ ಯಂತ್ರಗಳಿದ್ದ ಒಂದು ಕಡೆ ಮೂರನೇ ಒಂದು ಭಾಗದಷ್ಟು ಮೆಮೊರಿ ಇದರಿಂದ ಉಳಿಯಿತು. ಆದರೆ ಪುಟ ಹಂಚಿಕೊಂಡ ನೆರೆಯವನು ಕಾಲದ ಸೂಕ್ಷ್ಮ ವ್ಯತ್ಯಾಸ ಅಳೆದು ಗುಟ್ಟು ಕದಿಯಬಹುದೆಂದು ಸಂಶೋಧಕರು ತೋರಿಸಿದ ಮೇಲೆ, 2014ರಲ್ಲಿ ವಿಎಂವೇರ್ ಬೇರೆ ಬೇರೆ ಯಂತ್ರಗಳ ನಡುವಿನ ಈ ಹಂಚಿಕೆಯನ್ನು ತಾನಾಗಿ ನಡೆಯದಂತೆ ನಿಲ್ಲಿಸಲು ನಿರ್ಧರಿಸಿತು.

ಬಲೂನೂ ಸಾಲದಾದರೆ ಮಾಲೀಕ ಹಳೆಯ ದಾರಿಗೇ ಮರಳುತ್ತಾನೆ: ಕೇಳದೆಯೇ ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತಾನೆ. ಆಗ ಬಾಡಿಗೆದಾರನಿಗೆ ತನ್ನ ಯಂತ್ರ ಕುಂಟುವುದಷ್ಟೇ ತಿಳಿಯುತ್ತದೆ. ಒಳಗಿನ ಲೆಕ್ಕದಲ್ಲಿ ಮಾತ್ರ ಮೆಮೊರಿ ಪೂರ್ತಿ ಇದ್ದಂತೆಯೇ ಕಾಣುತ್ತಿರುತ್ತದೆ.