ಬಟಾಟಿಯ ಉಸಿರು

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದರೆ ಮಸಗುಪ್ಪಿ. ಘಟಪ್ರಭೆಯ ದಂಡೆ, ಮೊದಲು ಗೋಕಾಕ ತಾಲ್ಲೂಕು, ಈಗ ಮೂಡಲಗಿ. ಅಡುಗೆಮನೆಯಲ್ಲಿ ಅಕ್ಕನ ಎದುರು ಕೂತು ಬಟಾಟಿ ಹೆಚ್ಚಿ ಕೊಡುತ್ತಿದ್ದೆ. ಮಾತಿನ ಭರದಲ್ಲಿ ಹೋಳುಗಳನ್ನು ಹಾಗೇ ತಾಟಿನಲ್ಲಿ ಬಿಟ್ಟಿದ್ದಕ್ಕೆ ಬೈಸಿಕೊಂಡೆ. "ನೀರಾಗ ಹಾಕೋ ಮಾರಾಯಾ, ಕರ್ರಗಾಗತಾವ."

"ಯಾಕ ಕರ್ರಗಾಗತಾವ ಹೇಳು ನೋಡೋಣ ಮಾಮಾ" ಅಂದಳು ಅಕ್ಕನ ಮಗಳು. ಬಿಎಸ್ಸಿ ಓದುತ್ತಿದ್ದಾಳೆ, ಬಯೋಕೆಮಿಸ್ಟ್ರಿ ಒಂದು ವಿಷಯ. ಗಾಳಿ ತಾಗಿ, ಅಂದೆ. ಅಷ್ಟಕ್ಕೆ ಮಾರ್ಕ್ಸ್ ಇಲ್ಲವಂತೆ :) ಬಟಾಟಿಯಲ್ಲಿ ಫೀನಾಲುಗಳಿರುತ್ತವೆ, ಕತ್ತರಿಸಿದಾಗ ಜೀವಕೋಶ ಒಡೆದು ಪಾಲಿಫೀನಾಲ್ ಆಕ್ಸಿಡೇಸ್ ಅನ್ನುವ ಕಿಣ್ವ ಗಾಳಿಯ ಆಮ್ಲಜನಕವನ್ನು ಅವಕ್ಕೆ ಕೂಡಿಸುತ್ತದೆ, ಅದರಿಂದ ಕಂದು ಬಣ್ಣ ಅಂತ ಪಟಪಟ ಹೇಳಿದಳು. ಅಕ್ಕ ಕೇಳುತ್ತಿದ್ದಳು, ಏನೂ ಅನ್ನಲಿಲ್ಲ. ಅವಳೂ ಪಿಯುಸಿ ಸೈನ್ಸ್ ಪಾಸಾದವಳೇ. ಮುಂದೆ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಕಳಿಸುವುದು ಬೇಡ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಎರಡು ವರ್ಷದ ನಂತರ ಅದೇ ಬಸ್ಸು ಹತ್ತಿ ಅದೇ ಕಾಲೇಜಿಗೆ ನಾನು ಹೋದೆ. ಆಗ ನಾನೂ ಏನೂ ಅನ್ನಲಿಲ್ಲ.

ಆ ಬಟಾಟಿ, ಆ ಕಿಣ್ವ, ಬಾಗಿಲಲ್ಲೇ ನಿಂತ ಹುಡುಗಿ. ಮೂರೂ ಒಟ್ಟಿಗೆ ಬರುವ ಒಂದು ಹಳೆಯ ಕತೆ ನಮ್ಮ ಬೆಂಗಳೂರಿನಲ್ಲೇ ಶುರುವಾಗುತ್ತದೆ. ಅದರ ಮೊದಲ ಅರ್ಧ ನಿಮಗೆ ಗೊತ್ತಿರಬಹುದು. ಎರಡನೇ ಅರ್ಧವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ ಅಂತ ನನ್ನ ತಕರಾರು.

1933. ಕಮಲಾ ಭಾಗವತ್ ಅನ್ನುವ ಹುಡುಗಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ಬಿಎಸ್ಸಿ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ಆಕೆಯ ತಂದೆ, ಚಿಕ್ಕಪ್ಪ ಇಬ್ಬರೂ ಇದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ರಸಾಯನಶಾಸ್ತ್ರಜ್ಞರು. (ನಮ್ಮ ಗಡಿಭಾಗದಲ್ಲಿ ಮರಾಠಿ ಓದುವವರಿಗೆ ಲೇಖಕಿ ದುರ್ಗಾ ಭಾಗವತ್ ಹೆಸರು ಗೊತ್ತಿರುತ್ತದೆ. ಕಮಲಾ ಅವರ ತಂಗಿ ಅಥವಾ ಅಕ್ಕ ಅನ್ನುವ ಲೆಕ್ಕ ಬೇಡ, ಸೋದರಿ.) ಆಗಷ್ಟೇ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅರ್ಜಿ ತಿರಸ್ಕರಿಸಿದರು. ಕಾರಣ ಒಂದೇ, ಹೆಂಗಸು. ಆಕೆ ಬೆಂಗಳೂರಿಗೇ ಬಂದು ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ನಿಂತಳು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ವರ್ಷ ಪ್ರೊಬೇಷನ್, ಗುರುಗಳು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಆ ಮೂರನೆಯ ಷರತ್ತನ್ನು ಓದಿದಾಗಲೆಲ್ಲ ಮೈ ಉರಿಯುತ್ತದೆ. ರಾಮನ್ ದೊಡ್ಡ ವಿಜ್ಞಾನಿ, ಆದರೆ ಈ ವಿಷಯದಲ್ಲಿ ಸಂಕುಚಿತ ಮನಸ್ಸು ಅಂತ ಮುಂದೆ ಕಮಲಾ ಅವರೇ ನೇರವಾಗಿ ಹೇಳಿದರು.

ಆಕೆಗೆ ಸಿಕ್ಕ ಗುರು ಎಂ. ಶ್ರೀನಿವಾಸಯ್ಯ. ಗಂಧದ ಮರಕ್ಕೆ ತಗಲುವ ಸ್ಪೈಕ್ ರೋಗದ ಮೇಲೆ ಕೆಲಸ ಮಾಡಿದವರು, ಕಟ್ಟುನಿಟ್ಟಿನ ಮನುಷ್ಯ, ಆದರೆ ಕಲಿಸುವುದರಲ್ಲಿ ಕಂಜೂಸಿ ಇಲ್ಲ. ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ 1936ರಲ್ಲಿ ಎಂಎಸ್ಸಿ ಮುಗಿಸಿದರು. ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಕತೆ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯುತ್ತದೆ. ಆಮೇಲೆ ಒಂದು ಸಾಲು: ಕೇಂಬ್ರಿಜ್‌ಗೆ ಹೋಗಿ ಸಸ್ಯಗಳಲ್ಲಿ ಸೈಟೋಕ್ರೋಮ್-ಸಿ ಕಂಡುಹಿಡಿದರು, ಪಿಎಚ್‌ಡಿ ಪಡೆದರು, ಚಪ್ಪಾಳೆ.

ಆ ಒಂದು ಸಾಲಿನಲ್ಲೇ ಎಡವಟ್ಟಿದೆ. ಸೈಟೋಕ್ರೋಮ್ ಅನ್ನುವ ಹೆಸರಿಟ್ಟ ಡೇವಿಡ್ ಕೈಲಿನ್ ಅವರ 1925ರ ಪ್ರಬಂಧದ ಶೀರ್ಷಿಕೆಯಲ್ಲೇ ಇದು ಪ್ರಾಣಿಗಳಲ್ಲಿ, ಯೀಸ್ಟಿನಲ್ಲಿ, ಮೇಲ್ವರ್ಗದ ಸಸ್ಯಗಳಲ್ಲಿ ಸಮಾನವಾಗಿರುವ ಉಸಿರಾಟದ ವರ್ಣದ್ರವ್ಯ ಅಂತಿದೆ. ಹಾಗಾದರೆ ಹದಿಮೂರು ಹದಿನಾಲ್ಕು ವರ್ಷ ಆದ ಮೇಲೆ ಕಮಲಾ ಮಾಡಿದ್ದೇನು? ಇದನ್ನು ಹೇಳಬೇಕಾದರೆ ಜೀವಕೋಶದ ಉಸಿರಾಟಕ್ಕೆ ಸ್ವಲ್ಪ ಇಳಿಯಬೇಕು.

ಕಾಲುವೆ ಅಗೆಯುವಾಗ ಆಳುಗಳು ಸಾಲಾಗಿ ನಿಂತು ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ? ಜೀವಕೋಶದಲ್ಲೂ ಹಾಗೇ. ನಾವು ತಿಂದ ರೊಟ್ಟಿಯಿಂದ ಕಿತ್ತ ಇಲೆಕ್ಟ್ರಾನುಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋಗುತ್ತವೆ. ಸಾಲಿನಲ್ಲಿ ಸೈಟೋಕ್ರೋಮುಗಳು ನಿಂತಿರುತ್ತವೆ, ಅವುಗಳ ಒಡಲಲ್ಲಿ ಕಬ್ಬಿಣ. ಕಟ್ಟಕಡೆಯ ಆಳು ಸೈಟೋಕ್ರೋಮ್ ಆಕ್ಸಿಡೇಸ್. ಅದು ಇಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಡುತ್ತದೆ, ನೀರಾಗುತ್ತದೆ. ದಾರಿಯಲ್ಲಿ ಬಿಡುಗಡೆಯಾದ ಶಕ್ತಿ ಎಟಿಪಿ ಆಗುತ್ತದೆ. ಕೈಲಿನ್ ಒಂದು ಸಣ್ಣ ಸ್ಪೆಕ್ಟ್ರೋಸ್ಕೋಪು ಹಿಡಿದು ಯೀಸ್ಟ್ ನೀರನ್ನು ನೋಡಿದರು, ನಾಲ್ಕು ಕಪ್ಪು ಪಟ್ಟೆ ಕಂಡವು. ಗಾಳಿ ಸೇರುವಂತೆ ಕುಲುಕಿದರೆ ಪಟ್ಟೆ ಮಾಯ. ಸ್ವಲ್ಪ ಹೊತ್ತು ಬಿಟ್ಟರೆ ಜೀವಕೋಶಗಳು ಆಮ್ಲಜನಕ ಮುಗಿಸುತ್ತವೆ, ಪಟ್ಟೆ ಮತ್ತೆ ಹಾಜರು. ಉಸಿರಾಟವನ್ನು ಕಣ್ಣಾರೆ ಕಾಣುವುದು ಅಂದರೆ ಇದೇ ಅಲ್ಲವೇ!

ಇನ್ನು ಎಳೆ ಜೋಳದ ವಿಷಯ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳಕ್ಕೆ ದನ ಬಿಡಬಾರದು ಅಂತ ನಮ್ಮ ಕಡೆ ಎಲ್ಲ ರೈತರಿಗೂ ಗೊತ್ತು. ಆ ಜೋಳದಲ್ಲಿ ಸಕ್ಕರೆಗೆ ಅಂಟಿಕೊಂಡ ಸೈನೈಡ್ ಇರುತ್ತದೆ. ದನ ಜಗಿದಾಗ ಅದು ಬಿಡುಗಡೆಯಾಗಿ ಸಾಲಿನ ಕೊನೆಯ ಆಳಿನ ಕೈ ಕಟ್ಟಿಬಿಡುತ್ತದೆ. ರಕ್ತದಲ್ಲಿ ಬೇಕಾದಷ್ಟು ಆಮ್ಲಜನಕ ಇದ್ದರೂ ಜೀವಕೋಶಕ್ಕೆ ಬಳಸಲು ಬರುವುದಿಲ್ಲ. ದನ ಉಸಿರುಗಟ್ಟಿ ಬೀಳುತ್ತದೆ.

ಆದರೆ ಕೆಲವು ಗಿಡಗಳ ಭಾಗಗಳಿಗೆ ಸೈನೈಡ್ ಕೊಟ್ಟರೂ ಉಸಿರಾಟ ಪೂರ್ತಿ ನಿಲ್ಲುವುದಿಲ್ಲ. ಅದಕ್ಕೇ ಆಗ ದೊಡ್ಡ ಗೊಂದಲ. ಗಿಡದಲ್ಲಿ ಸೈಟೋಕ್ರೋಮಿನ ಬಣ್ಣ ಕಾಣಬಹುದು, ಆದರೆ ಅದು ಕೆಲಸ ಮಾಡುತ್ತದೋ ಸುಮ್ಮನೆ ನಿಂತಿದೆಯೋ? ಬಟಾಟಿಯನ್ನು ಕರ್ರಗೆ ಮಾಡುವ ಆ ಫೀನಾಲ್ ಆಕ್ಸಿಡೇಸೇ ಬಟಾಟಿಯ ನಿಜವಾದ ಉಸಿರಾಟದ ಕಿಣ್ವ ಇರಬೇಕು ಅಂತ ವಾದಿಸುವವರೂ ಇದ್ದರು. ಕಣ್ಣಿಗೆ ಕಾಣುವುದೇ ಅದಲ್ಲವೇ, ತಪ್ಪೇನಿಲ್ಲ.

ಕಮಲಾ 1937ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿಗೆ ಸೇರಿದರು. ಮೊದಲು ಡೆರೆಕ್ ರಿಕ್ಟರ್ ಜೊತೆ ಕೆಲಸ. ಅವರಿಬ್ಬರ 1938ರ ಪ್ರಬಂಧ ಪ್ರಾಣಿಗಳಲ್ಲಿರುವ ಫೀನಾಲೇಸ್ ಕಿಣ್ವಗಳ ಮೇಲೆ, ಅಂದರೆ ಬಟಾಟಿಯನ್ನು ಕಪ್ಪಾಗಿಸುವ ಆ ಕುಲದವೇ! ರಿಕ್ಟರ್ ಬೇರೆ ಕಡೆ ಹೋದಾಗ ರಾಬಿನ್ ಹಿಲ್ ಅವರ ಬಳಿ ಸೇರಿದರು. ಹಸಿರು ಎಲೆಯಲ್ಲಿ ಪತ್ರಹರಿತ್ತಿನ ಬಣ್ಣ ಸೈಟೋಕ್ರೋಮಿನ ಪಟ್ಟೆಗಳನ್ನು ನುಂಗಿಬಿಡುತ್ತದೆ. ಬಟಾಟಿಯಂಥ ಹಸಿರಿಲ್ಲದ ಭಾಗ ಹಿಡಿದರೆ ಆ ತೊಂದರೆ ಇಲ್ಲ. 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಹಿಲ್ ಮತ್ತು ಭಾಗವತ್ ಅವರ ಟಿಪ್ಪಣಿ ಬಂತು, ಹೂಬಿಡುವ ಸಸ್ಯಗಳಲ್ಲಿ ಸೈಟೋಕ್ರೋಮ್ ಆಕ್ಸಿಡೇಸ್ ಬಗ್ಗೆ. ನೋಡಿ, ಬಣ್ಣವಲ್ಲ, ಆಕ್ಸಿಡೇಸ್. ಸಾಲಿನ ಕೊನೆಯ ಆಳು ಗಿಡದಲ್ಲೂ ಇದ್ದಾನೆ, ಕೆಲಸ ಮಾಡುತ್ತಾನೆ. ಎಳೆ ಜೋಳ ತಿಂದು ಸಾಯುವ ದನದ ಒಳಗಿನ ಯಂತ್ರವೇ ಆ ಜೋಳದ ಒಳಗೂ ಇದೆ. ಜೋಳ ತನ್ನ ವಿಷವನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಟ್ಟುಕೊಳ್ಳುವುದರಿಂದ ತಾನು ಬದುಕಿದೆ.

ಆ ವರ್ಷವೇ ಪಿಎಚ್‌ಡಿ. ಹದಿನಾಲ್ಕು ತಿಂಗಳ ಕೆಲಸ, ನಲವತ್ತು ಪುಟದ ಪ್ರಬಂಧ ಅನ್ನುತ್ತಾರೆ. ಇವತ್ತು ನಲವತ್ತು ಪುಟ ತೆಗೆದುಕೊಂಡು ಹೋದರೆ ನಮ್ಮ ಗೈಡುಗಳು ಮುನ್ನುಡಿ ಚೆನ್ನಾಗಿದೆ, ಪ್ರಬಂಧ ಎಲ್ಲಿ ಅಂತ ಕೇಳಿಯಾರು. ಅಲ್ಲೇ ಫ್ರೆಡರಿಕ್ ಹಾಪ್ಕಿನ್ಸ್ ಅವರ ಬಳಿಯೂ ಕಮಲಾ ಕೆಲಸ ಮಾಡಿದ್ದರು. 1921ರಲ್ಲಿ ಗ್ಲುಟಾಥಯೋನ್ ಬೇರ್ಪಡಿಸಿದವರು ಹಾಪ್ಕಿನ್ಸ್. ಅದು ಯಾಕೆ ಮುಖ್ಯ ಅನ್ನುವುದು ಬಹಳ ವರ್ಷದ ನಂತರ ತಿಳಿಯಿತು.

ಯಾಕೆಂದರೆ ಕೈಯಿಂದ ಕೈಗೆ ದಾಟುವಾಗ ಬುಟ್ಟಿಯಿಂದ ಸ್ವಲ್ಪ ಮಣ್ಣು ಉದುರುತ್ತದಲ್ಲ, ಹಾಗೆ ಇಲೆಕ್ಟ್ರಾನೂ ಉದುರುತ್ತದೆ. ಸಾಲಿನ ಕೊನೆ ಮುಟ್ಟುವ ಮೊದಲೇ ನಡುವೆ ಆಮ್ಲಜನಕಕ್ಕೆ ಅಂಟಿದರೆ ಸೂಪರಾಕ್ಸೈಡ್ ಅನ್ನುವ ತುಂಟ ಹುಟ್ಟುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಜೀವಕೋಶದ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲಕ್ಕೂ ಇವುಗಳಿಂದ ಏಟು. 1956ರಲ್ಲಿ ಡೆನಮ್ ಹಾರ್ಮನ್ ಮುಪ್ಪಿಗೂ ಇದೇ ಕಾರಣ ಅಂತ ಊಹಿಸಿದರು. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಸೂಪರಾಕ್ಸೈಡನ್ನು ಹಿಡಿದು ಪಳಗಿಸುವ ಕಿಣ್ವವನ್ನೇ ಗುರುತಿಸಿದರು. ಪೆರಾಕ್ಸೈಡನ್ನು ನೀರು ಮಾಡುವ ಕೆಲಸದಲ್ಲಿ ಹಾಪ್ಕಿನ್ಸರ ಗ್ಲುಟಾಥಯೋನ್ ಬರುತ್ತದೆ. ಏಟು ಜಾಸ್ತಿ, ರಕ್ಷಣೆ ಕಮ್ಮಿ ಆದ ಸ್ಥಿತಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಹೆಸರು ನಿಂತದ್ದು 1985ರಲ್ಲಿ ಹೆಲ್ಮುಟ್ ಸೀಸ್ ಅವರ ಪುಸ್ತಕದಿಂದ.

ಆಗ ಬೆಂಗಳೂರು ಸುಮ್ಮನೆ ಕೂತಿರಲಿಲ್ಲ. ಕಮಲಾ ಷರತ್ತಿನ ಮೇಲೆ ಕಾಲಿಟ್ಟ ಆ ಸಂಸ್ಥೆಯ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಟಿ. ರಾಮಶರ್ಮ ಅಂತ ಇದ್ದರು. ಅಲ್ಲಿ ಹೆಸರುಕಾಳಿನ ಕಿಣ್ವದಿಂದ ಶುರು ಮಾಡಿ, ಅಮೆರಿಕದಲ್ಲಿ ಲೆಸ್ಟರ್ ಜೊತೆ ಕೋಎಂಜೈಮ್-ಕ್ಯೂ ಮೇಲೆ ಕೆಲಸ ಮಾಡಿದವರು. ಅದೂ ಇಲೆಕ್ಟ್ರಾನ್ ಸಾಲಿನಲ್ಲಿ ನಿಂತ ಆಳೇ, ಬುಟ್ಟಿ ಉದುರುವ ಮುಖ್ಯ ಜಾಗಗಳಲ್ಲಿ ಒಂದು. 1982ರಲ್ಲಿ ಜೀವಪೊರೆಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುವ ಬಗ್ಗೆ ಅವರು ದೀರ್ಘ ವಿಮರ್ಶೆ ಬರೆದರು. 1985ರಲ್ಲಿ ಅವರ ಗುಂಪಿನಿಂದ ಬಂದ ಒಂದು ಪ್ರಬಂಧ ನನಗೆ ಬಹಳ ಇಷ್ಟ. ಸೆಕೆಯಲ್ಲಿ ಇಟ್ಟ ಪ್ರಾಣಿಗಳ ಯಕೃತ್ತಿನ ಮೈಟೋಕಾಂಡ್ರಿಯಾದಲ್ಲಿ ಪೆರಾಕ್ಸೈಡ್ ಹುಟ್ಟುವುದು ಕಡಿಮೆಯಾಗುತ್ತದೆ, ಥೈರಾಯ್ಡ್ ಕುಗ್ಗಿದಾಗಲೂ ಹಾಗೇ. ಅಂದರೆ ಈ ಸೋರಿಕೆ ಬರೀ ಅಪಘಾತವಲ್ಲ, ಮೈಯ ಸ್ಥಿತಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುವಂಥದ್ದು. ಆಂಟಿಆಕ್ಸಿಡೆಂಟ್ ಮಾತ್ರೆ ಮಾರುವವರು ಇದನ್ನು ಓದಿದ ಹಾಗೆ ಕಾಣುವುದಿಲ್ಲ.

ಗಿಡಗಳಲ್ಲಿ ಸೈನೈಡಿಗೆ ಜಗ್ಗದ ಆ ಇನ್ನೊಂದು ದಾರಿ ಇತ್ತಲ್ಲ, ಅದಕ್ಕೆ ಈಗ ಆಲ್ಟರ್ನೇಟಿವ್ ಆಕ್ಸಿಡೇಸ್ ಅನ್ನುತ್ತಾರೆ. ಸಾಲು ಕಟ್ಟಿಕೊಂಡಾಗ ಬುಟ್ಟಿಗಳನ್ನು ಪಕ್ಕದಿಂದ ಸಾಗಿಸಿ ಸೋರಿಕೆ ತಗ್ಗಿಸುವುದು ಅದರ ಒಂದು ಕೆಲಸ. ಸೈಟೋಕ್ರೋಮ್-ಸಿಗೂ ಹೊಸ ಮುಖ ಕಂಡಿತು. 1996ರಲ್ಲಿ ಷಿಯಾಡೊಂಗ್ ವಾಂಗ್ ಗುಂಪು, ಅದು ಮೈಟೋಕಾಂಡ್ರಿಯಾದಿಂದ ಹೊರಗೆ ಬಂದರೆ ಜೀವಕೋಶಕ್ಕೆ ಸಾಯಲು ಸೂಚನೆ ಅಂತ ತೋರಿಸಿತು. ಉಸಿರು ದಾಟಿಸುವವನೇ ಸಾವಿನ ಓಲೆಕಾರ.

ಕಮಲಾ ಭಾರತಕ್ಕೆ ಮರಳಿ ದೆಹಲಿಯಲ್ಲಿ, ಕೂನೂರಿನಲ್ಲಿ ಕೆಲಸ ಮಾಡಿ, 1947ರಲ್ಲಿ ಎಂ. ವಿ. ಸೊಹೋನಿ ಅವರನ್ನು ಮದುವೆಯಾಗಿ ಬೊಂಬಾಯಿಗೆ ಹೋದರು. ಅಲ್ಲಿ ನೀರಾದ ಪೋಷಕಾಂಶಗಳ ಮೇಲೆ ಮಾಡಿದ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ತೀರಿಕೊಂಡದ್ದು 1998ರಲ್ಲಿ.

ಇದನ್ನೆಲ್ಲ ಅಡುಗೆಮನೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಪಲ್ಯ ಆಗಿತ್ತು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಸತ್ಯಾಗ್ರಹ ಅಂದ್ರ, ಒಬ್ಬಾಕೀನ ನಿಂತಿದ್ಲೇನು?" ಹೌದು, ಒಬ್ಬಳೇ ಅಂದೆ. ರೊಟ್ಟಿ ಬಡಿಯುವುದು ಮುಂದುವರಿಯಿತು.

ಸೊಸೆಗೆ ಆ ಬಟಾಟಿ ಪ್ರಬಂಧ ಬೇಕಂತೆ, ಸೊಹೋನಿ ಅಂತ ಹುಡುಕಿದರೆ ಏನೂ ಸಿಗಲಿಲ್ಲವಂತೆ. ಹಿಲ್ ಜೊತೆಗಿನ ವಿಸ್ತಾರವಾದ ಪ್ರಬಂಧ ನ್ಯೂ ಫೈಟಾಲಜಿಸ್ಟ್ ಪತ್ರಿಕೆಯಲ್ಲಿ 1951ರಲ್ಲಿ ಬಂತು. ಮದುವೆಯಾಗಿ ನಾಲ್ಕು ವರ್ಷ ಆಗಿದ್ದರೂ ಅದರಲ್ಲಿ ಹೆಸರು ಕೆ. ಭಾಗವತ್ ಅಂತಲೇ ಇದೆ. ಆ ಹೆಸರಿನಲ್ಲಿ ಹುಡುಕು ಅಂತ ಹೇಳಿ ಬಂದಿದ್ದೇನೆ.