ಮಳಖೇಡದಿಂದ ಮೊಬೈಲ್‌ವರೆಗೆ: ನಿಘಂಟಿಗೆ ನಿಮ್ಮೂರಿನ ಒಂದು ಪದ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕೇಳ್ತಿರೋರಿಗೆ ಇವತ್ತು ಒಂದು ಕೆಲಸ ಐತ್ರಿ. ಮೊದಲು ಕಥೆ ಕೇಳಿ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ತಂತ್ರಾಂಶವನ್ನು ಎಲ್ಲರಿಗೂ ತೆರೆದಿಟ್ಟ. ನೋಡಿ, ಬಳಸಿ, ತಿದ್ದಿ ಅಂದ. ಸಾವಿರಾರು ಜನ ಕೈಜೋಡಿಸಿದ್ರು. ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿ ಓಡ್ತಿರೋದೂ ಅದೇ ಲಿನಕ್ಸ್. ಇದೇ ಓಪನ್ ಸೋರ್ಸ್.

'ನನಗೆ ಕೋಡಿಂಗ್ ಬರಲ್ಲ, ನಾನೇನು ಮಾಡ್ಲಿ' ಅಂತೀರಾ? ಹಾಗಾದ್ರೆ ಸೇಡಂ ತಾಲೂಕಿನ ಮಳಖೇಡಕ್ಕೆ ಬನ್ನಿ. ಕಾಗಿಣಾ ದಂಡೆಯ ಈ ಊರು ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಸುಮಾರು ಕ್ರಿ.ಶ. 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ಅದರಲ್ಲೊಂದು ಮಾತಿದೆ: ಕನ್ನಡದ ಒಳಗೇ ಪ್ರದೇಶಕ್ಕೊಂದು ಬಗೆಯ ನುಡಿ, ಅವನ್ನೆಲ್ಲ ಹೇಳಿ ಮುಗಿಸೋಕೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು. ಅಂದ್ರೆ ಒಬ್ಬರಿಂದ ಆಗೋ ಕೆಲಸ ಅಲ್ಲ ಇದು.

ಆದ್ರೂ ಪ್ರಯತ್ನ ನಿಲ್ಲಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು ಅಚ್ಚಾಯ್ತು, ಸುಮಾರು 70,000 ಪದ. ಆಗ ನಮ್ಮ ಈ ಐದೂ ಊರು ನಿಜಾಮರ ರಾಜ್ಯದಲ್ಲಿದ್ದವು. ಆಡಳಿತದ ಭಾಷೆ ಉರ್ದು. ಅಲ್ಲಿಂದ ಹೊರಬಂದದ್ದು 1948ರಲ್ಲಿ, ಕನ್ನಡನಾಡಿನ ಜೊತೆ ಸೇರಿದ್ದು 1956ರಲ್ಲಿ. ನಿಘಂಟು ಕಟ್ಟುವ ಕೆಲಸ ನಡೆದದ್ದು ಹೆಚ್ಚಾಗಿ ಮಂಗಳೂರು, ಮೈಸೂರು, ಬೆಂಗಳೂರಿನಲ್ಲಿ. ಮಳಖೇಡದ ಸುತ್ತಲಿನ ಮಾತು ಆ ಕೇಂದ್ರಗಳಿಂದ ದೂರವೇ ಉಳೀತು.

ಇನ್ನು ನಮ್ಮ ಕಾಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು: ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, 2,40,000 ಅರ್ಥ. 2019ರಲ್ಲಿ ಅದು 'ಅಲರ್' ಹೆಸರಲ್ಲಿ ಇಂಟರ್‌ನೆಟ್‌ಗೆ ಬಂತು. ತಾಣ ಕಟ್ಟಿದವರು ಕೈಲಾಶ್ ನಾಧ್. ಮುಖ್ಯ ಸಂಗತಿ ಏನಂದ್ರೆ, ಇಡೀ ದತ್ತಾಂಶವನ್ನೇ ಮುಕ್ತ ಪರವಾನಗಿ ಕೊಟ್ಟು ಬಿಟ್ಟುಕೊಟ್ಟರು. ಯಾರು ಬೇಕಾದ್ರೂ ಇಳಿಸಿಕೊಂಡು ಆ್ಯಪ್ ಮಾಡಬಹುದು. ಹೆಸರು ಹೇಳಬೇಕು, ತಿದ್ದಿ ಪ್ರಕಟಿಸಿದ್ರೆ ಅದನ್ನೂ ಹಾಗೇ ಮುಕ್ತವಾಗಿಡಬೇಕು, ಅಷ್ಟೇ. ಒಬ್ಬರ ಜೀವಮಾನದ ದುಡಿಮೆ ಊರಿನ ಬಾವಿ ಆಯ್ತು.

ಬಾವಿಗೆ ನಮ್ಮ ಸೆಲೆಯೂ ಸೇರಬೇಕಲ್ಲ? ಶಹಾಬಾದ್ ಗಣಿಯಲ್ಲಿ ಫರಸಿ ಎಬ್ಬಿಸೋರ ಮಾತು, ಚಿಂಚೋಳಿ ಹೊಲದಲ್ಲಿ ತೊಗರಿ ರಾಶಿ ಮಾಡೋರ ಮಾತು, ವಾಡಿ ಜಂಕ್ಷನ್ನಿನಲ್ಲಿ ಉರ್ದು, ಮರಾಠಿ, ತೆಲುಗು ಬೆರೆತ ಕನ್ನಡ. ಫೋನಿನ ಕೀಬೋರ್ಡ್ ಆಗಲಿ, ಅನುವಾದ ಮಾಡೋ ಯಂತ್ರ ಆಗಲಿ, ಕೊಟ್ಟ ಪಠ್ಯದಿಂದಲೇ ಕಲಿಯುತ್ತೆ. ಬರೆಯದೇ ಉಳಿದ ಪದ ಅದಕ್ಕೆ ಗೊತ್ತಾಗೋದು ಹೇಗೆ? ಗಣಿಗೆ ಯಂತ್ರ ಬಂದ್ರೆ ಕೈಕೆಲಸ ಹೋಗುತ್ತೆ, ಕೈಕೆಲಸದ ಜೊತೆ ಅದರ ಪದವೂ ಹೋಗುತ್ತೆ.

ಈಗ ಕೆಲಸ. ಇವತ್ತು ಸಂಜೆ ಮನೆಯ ಹಿರಿಯರ ಹತ್ತಿರ ಕೂತು ಹತ್ತು ಪದ ಬರ್ಕೊಳ್ಳಿ. ಅಲರ್‌ನಲ್ಲಿ ಹುಡುಕಿ. ಸಿಗದ ಪದವನ್ನು ಅರ್ಥ, ಬಳಕೆಯ ಒಂದು ವಾಕ್ಯದ ಸಮೇತ ಕನ್ನಡ ವಿಕ್ಷನರಿಗೆ ಸೇರಿಸಿ. ಅದನ್ನು ಯಾರು ಬೇಕಾದ್ರೂ ತಿದ್ದಬಹುದು, ಫೋನ್ ಸಾಕು. ವಾಸುಕಿಗೆ ಸಾವಿರ ನಾಲಿಗೆ ಇದ್ದೂ ಸಾಲಲಿಲ್ಲ. ನಾವು ಅದಕ್ಕಿಂತ ಭಾಳ ಮಂದಿ ಇದ್ದೀವ್ರಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.