ಕಟ್ಟಡ, ಕಾಡು, ಕಪ್ಪು-ಬಿಳುಪು: ಒಂದು ಛಾಯಾಪರಂಪರೆಯ ನಡೆ

ಕ್ಯಾಮೆರಾದಿಂದ ತೆಗೆದ ಚಿತ್ರಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಫ್ರಾನ್ಸಿನ ಹಳ್ಳಿಮನೆಯೊಂದರ ಚಿತ್ರ. ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ಮಹಡಿಯ ಕಿಟಕಿಯಲ್ಲಿ ಕ್ಯಾಮೆರಾ ಇಟ್ಟು ಅದನ್ನು ತೆಗೆದ. ಒಂದಿಷ್ಟು ಗೋಡೆ, ಇಳಿಜಾರು ಮಾಡು, ಆಚೆಗೆ ಮಸುಕು ಬಯಲು. ಲೋಹದ ತಗಡಿನ ಮೇಲೆ ಅಷ್ಟು ಮೂಡುವುದಕ್ಕೇ ಗಂಟೆಗಟ್ಟಲೆ ಬಿಸಿಲು ಬೇಕಾಯಿತು. 1838ರಲ್ಲಿ ಲೂಯಿ ಡಾಗೇರ್ ಪ್ಯಾರಿಸ್ಸಿನ ಬೀದಿಯೊಂದನ್ನು ತೆಗೆಯುವ ಹೊತ್ತಿಗೆ ಎಕ್ಸ್‌ಪೋಷರ್ ಕೆಲವು ನಿಮಿಷಗಳಿಗೆ ಇಳಿದಿತ್ತು. ಆದರೂ ಆ ಬೀದಿಯಲ್ಲಿ ಓಡಾಡುತ್ತಿದ್ದ ಗಾಡಿಗಳು, ಜನ ಚಿತ್ರದಲ್ಲಿ ಮೂಡಲಿಲ್ಲ. ಮೂಡಿದ್ದು ಸಾಲು ಕಟ್ಟಡಗಳು, ಜೊತೆಗೆ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಅಲ್ಲಾಡದೆ ನಿಂತಿದ್ದ ಒಬ್ಬ ದಾರಿಹೋಕ.

ಕದಲದೆ ನಿಲ್ಲುವುದರಲ್ಲಿ ಕಟ್ಟಡಕ್ಕೂ ಬೆಟ್ಟಕ್ಕೂ ಸಾಟಿಯಿಲ್ಲ. ಆದ್ದರಿಂದಲೇ ಇವೆರಡೂ ಛಾಯಾಗ್ರಹಣದ ಆರಂಭದಿಂದ ಅದರ ಕೈಹಿಡಿದು ಬಂದಿವೆ. ಇಂದು ಕಪ್ಪು-ಬಿಳುಪನ್ನು ಹಳೆಯ ಕಾಲದ ಸೊಗಸೆಂದು, ಮೊಬೈಲಿನಲ್ಲಿ ಒತ್ತಿದರೆ ಸಿಗುವ ಬಣ್ಣಗೆಟ್ಟ ಚಿತ್ರವೆಂದು ಬಗೆಯುವವರಿದ್ದಾರೆ. ಇನ್ನೂರು ವರ್ಷಗಳ ಈ ನಡೆಯನ್ನು ನೋಡಿದವರಿಗೆ ಕಾಣುವುದು ಬೇರೆ. ಅದು ಬೆಳಕನ್ನು ಅಳೆದು ನೋಡುವ ಶಿಸ್ತು, ಅಳಿದುಹೋಗುವುದರ ಪರ ನಿಲ್ಲುವ ಸಾಕ್ಷಿ.

ಕನ್ನಡ ನಾಡಿನ ಕಲ್ಲುಗಳು

1851ರಲ್ಲಿ ಫ್ರಾನ್ಸ್ ಸರ್ಕಾರದ ಸ್ಮಾರಕ ಆಯೋಗ ಐವರು ಛಾಯಾಗ್ರಾಹಕರನ್ನು ದೇಶದ ಹಳೆಯ ಚರ್ಚು, ಕೋಟೆ, ಸೇತುವೆಗಳನ್ನು ದಾಖಲಿಸಲು ಕಳಿಸಿತು. ಗುಸ್ತಾವ್ ಲ ಗ್ರೇ, ಎದುವಾರ್ ಬಾಲ್ದುಸ್ ಆ ಐವರಲ್ಲಿದ್ದರು. ಕಟ್ಟಡದ ಚಿತ್ರ ಸರ್ಕಾರಿ ದಾಖಲೆಯಾದದ್ದು ಅಲ್ಲಿಂದ.

ಈ ವಿದ್ಯೆ ನಮ್ಮಲ್ಲಿಗೆ ಬರುವುದು ತಡವಾಗಲಿಲ್ಲ. 1854ರ ಡಿಸೆಂಬರಿನಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳನ್ನು ತೆಗೆದ. 1856ರಲ್ಲಿ ಮದ್ರಾಸ್ ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ತೆಗೆದ. ಇಬ್ಬರೂ ಬಳಸಿದ್ದು ಕಾಗದದ ನೆಗೆಟಿವ್. ಗ್ರೀನ್‌ಲಾನದು ಮೇಣ ಹಚ್ಚಿದ ಕಾಗದ. ಮುಂಚಿತವಾಗಿ ಸಿದ್ಧಮಾಡಿಟ್ಟುಕೊಳ್ಳಬಹುದಾದ ಈ ಕಾಗದ ಬಿಸಿಲುನಾಡಿನ ದೂರ ಪ್ರಯಾಣಕ್ಕೆ ಹೇಳಿಮಾಡಿಸಿದಂತಿತ್ತು. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತು ಲಂಡನ್ನಿನಲ್ಲಿ ಹೊರಬಂದ ದೊಡ್ಡ ಸಂಪುಟದಲ್ಲಿ ಪಿಗೂ, ನೀಲ್, ಬಿಗ್ಸ್ ಎಂಬ ಮೂವರ ಚಿತ್ರಗಳಿದ್ದವು. ಅದಕ್ಕೆ ಬರಹ ಒದಗಿಸಿದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್.

ಗ್ರೀನ್‌ಲಾ ತೆಗೆದ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಐವತ್ತು ರೂಪಾಯಿಯ ನೋಟಿನಲ್ಲಿ ನಾವು ಕಾಣುವ ರಥಕ್ಕೆ ಮೇಲ್ಭಾಗ ಚಪ್ಪಟೆ. ಆ ಚಿತ್ರದಲ್ಲಾದರೋ ಅದರ ಮೇಲೆ ಇಟ್ಟಿಗೆಯ ಶಿಖರವಿದೆ, ಶಿಥಿಲವಾಗಿದ್ದರೂ ಎದ್ದು ನಿಂತಿದೆ. ಮುಂದೆ ಆ ಶಿಖರ ಇಲ್ಲವಾಯಿತು. ರಥ ಮೊದಲು ಹೇಗಿತ್ತೆಂಬುದನ್ನು ಯಾವ ವಾದವೂ ಬೇಕಿಲ್ಲದೆ ಆ ಒಂದು ಕಾಗದ ಹೇಳುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ಕ್ಯಾಮೆರಾ ಇಟ್ಟು ಹಂಪಿಯನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತೈದು ವರ್ಷಗಳಿಗೂ ಮೀರಿದ ಬದಲಾವಣೆಯ ಲೆಕ್ಕ ಸಿಗುತ್ತದೆ.

ಆ ಕಾಲದ ಚಿತ್ರಗಳಲ್ಲಿ ಆಕಾಶ ಬಹುಪಾಲು ಖಾಲಿ ಬಿಳಿ. ಆಗಿನ ರಾಸಾಯನಿಕಗಳು ನೀಲಿ ಬೆಳಕಿಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿದ್ದವು. ಹಸಿರು, ಕೆಂಪು ಕಪ್ಪಾಗಿ ಬೀಳುತ್ತಿದ್ದವು. ಕಟ್ಟಡಕ್ಕೆ ಬೇಕಾದಷ್ಟು ಬೆಳಕು ಕೊಡುವಷ್ಟರಲ್ಲಿ ಆಕಾಶ ಮಿತಿಮೀರಿರುತ್ತಿತ್ತು. ಇದಕ್ಕೆ ಟ್ರೈಪ್ ನೆಗೆಟಿವಿನ ಮೇಲೆ ಕೈಯಿಂದಲೇ ಮೋಡ ಬಿಡಿಸುತ್ತಿದ್ದ. ಲ ಗ್ರೇ ತನ್ನ ಕಡಲಚಿತ್ರಗಳಲ್ಲಿ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ತೆಗೆದು ಒಂದೇ ಪ್ರಿಂಟಿನಲ್ಲಿ ಕೂಡಿಸಿದ.

ಕಣಿವೆಯ ಪರ ಸಾಕ್ಷಿ

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಿಂದ ಗಾಜಿನ ನೆಗೆಟಿವ್ ಬಂತು. ಕಾಗದದ ನಾರಿನ ಮಸುಕು ಹೋಗಿ ಎಲೆ ಎಲೆಯೂ ಕಾಣುವಂತಾಯಿತು. ಆದರೆ ಗಾಜಿಗೆ ದ್ರಾವಣ ಬಳಿದು, ಹಸಿ ಇರುವಾಗಲೇ ಚಿತ್ರ ತೆಗೆದು, ಆರುವ ಮುನ್ನ ಡೆವಲಪ್ ಮಾಡಬೇಕಿತ್ತು. ಎಂದರೆ ಹೋದಲ್ಲೆಲ್ಲ ಕತ್ತಲೆಯ ಗುಡಾರವೂ ಹೋಗಬೇಕು.

ಕಾರ್ಲ್‌ಟನ್ ವಾಟ್‌ಕಿನ್ಸ್ 1861ರಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಹೋದದ್ದು ಈ ಸಂಸಾರವನ್ನೆಲ್ಲ ಹೇಸರಗತ್ತೆಗಳ ಮೇಲೆ ಹೇರಿಕೊಂಡು. ಅವನ ಗಾಜಿನ ಫಲಕಗಳ ಅಳತೆ ಸುಮಾರು 18x22 ಇಂಚು. ಆ ಚಿತ್ರಗಳು ಪೂರ್ವ ಕರಾವಳಿಯ ನಗರಗಳನ್ನು ತಲುಪಿದವು. ಕಣಿವೆಯನ್ನು ಕಣ್ಣಾರೆ ಕಾಣದವರಿಗೆ ಅದರ ಪರಿಚಯ ಮಾಡಿಸಿದವು. 1864ರ ಜೂನ್ 30ರಂದು ಅಬ್ರಹಾಂ ಲಿಂಕನ್ ಯೊಸೆಮಿಟಿಯನ್ನು ಸಾರ್ವಜನಿಕರಿಗಾಗಿ ಕಾಪಿಡುವ ಕಾಯ್ದೆಗೆ ಸಹಿ ಹಾಕಿದರು. 1871ರಲ್ಲಿ ವಿಲಿಯಂ ಹೆನ್ರಿ ಜಾಕ್ಸನ್ ತೆಗೆದ ಯೆಲ್ಲೊಸ್ಟೋನ್ ಚಿತ್ರಗಳೂ ಹೀಗೆಯೇ ನೆರವಾದವು. ಮರುವರ್ಷವೇ ಅದು ರಾಷ್ಟ್ರೀಯ ಉದ್ಯಾನವಾಯಿತು. ಹಿಮಾಲಯದಲ್ಲಿ ಸ್ಯಾಮ್ಯುಯೆಲ್ ಬೋರ್ನ್ 1863ರಿಂದ 1866ರ ನಡುವೆ ಮೂರು ಯಾತ್ರೆ ಮಾಡಿ, 18 ಸಾವಿರ ಅಡಿಗೂ ಮೇಲಿನ ಮಣಿರಂಗ್ ಕಣಿವೆದಾರಿಯಲ್ಲಿ ಗಾಜಿನ ಫಲಕ ತೊಳೆದ. ಅವನ ಹೊರೆ ಹೊತ್ತವರು ಹತ್ತಾರು ಮಂದಿ ಕೂಲಿಗಳು. ಅವರ ಬೆನ್ನಿಲ್ಲದೆ ಆ ಚಿತ್ರಗಳಿಲ್ಲ.

ಈ ಸಾಧನೆಯ ಒಳಗೇ ಒಂದು ಅನ್ಯಾಯವೂ ಇದೆ. ಯೊಸೆಮಿಟಿಯಲ್ಲಿ ತಲೆಮಾರುಗಳಿಂದ ಬಾಳಿದ್ದ ಅಹ್ವಾನೀಚಿ ಜನರ ಮೇಲೆ 1851ರಲ್ಲಿ ಸಶಸ್ತ್ರ ಪಡೆ ದಾಳಿ ನಡೆಸಿತ್ತು. ಅದಾದ ಹತ್ತು ವರ್ಷಕ್ಕೆ ತೆಗೆದ ಚಿತ್ರಗಳಲ್ಲಿ ಕಣಿವೆ ನಿರ್ಜನವಾಗಿ, ಮನುಷ್ಯರ ಕೈಸೋಕದ ನೆಲವಾಗಿ ಕಾಣುತ್ತದೆ. ಕಾಡೆಂದರೆ ಜನರಿಲ್ಲದ ಜಾಗ ಎಂಬ ನಂಬಿಕೆಯನ್ನು ಬಲಪಡಿಸುವಲ್ಲಿ ಈ ಚಿತ್ರಗಳಿಗೂ ಪಾಲಿದೆ.

ನಗರದ ಚಹರೆ

ಪ್ಯಾರಿಸ್ ನಗರವನ್ನು ಕೆಡವಿ ಅಗಲ ರಸ್ತೆಗಳನ್ನು ಮಾಡುತ್ತಿದ್ದ ಕಾಲದಲ್ಲಿ ಷಾರ್ಲ್ ಮಾರ್ವಿಲ್ ನೆಲಸಮವಾಗಲಿದ್ದ ಓಣಿಗಳನ್ನು ನಗರಾಡಳಿತಕ್ಕಾಗಿ ತೆಗೆದ. ಉಳಿದ ಹಳೆಯ ನಗರವನ್ನು 1890ರ ದಶಕದ ಕೊನೆಯಿಂದ ಸುಮಾರು ಮೂವತ್ತು ವರ್ಷ ಬೆನ್ನುಹತ್ತಿದವನು ಯೂಜೀನ್ ಅಜೆ. ಅಂಗಡಿ ಮುಂಗಟ್ಟು, ಮೆಟ್ಟಿಲು, ಬಾಗಿಲ ಬಡಿಗೆ, ಅಂಗಳ ಯಾವುದನ್ನೂ ಅವನು ಬಿಡಲಿಲ್ಲ. ಅವನ ಹಲವು ಪ್ರಿಂಟುಗಳ ಮೇಲಿನ ಎರಡು ಮೂಲೆಗಳು ಕಮಾನಿನಂತೆ ಕಪ್ಪಾಗಿವೆ. ಕಾರಣ ಸರಳ. ಎತ್ತರದ ಕಟ್ಟಡ ತೆಗೆಯಲು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಗೋಡೆ ನೆಟ್ಟಗಿರಬೇಕಾದರೆ ಕ್ಯಾಮೆರಾವನ್ನು ಸಮವಾಗಿಟ್ಟು ಲೆನ್ಸ್ ಇರುವ ಮುಂಭಾಗವನ್ನಷ್ಟೇ ಎತ್ತಬೇಕು. ಅಜೆ ಲೆನ್ಸಿನ ಬೆಳಕು ಮುಗಿಯುವವರೆಗೂ ಎತ್ತುತ್ತಿದ್ದ. ಮೂಲೆ ಕಪ್ಪಾದರೂ ಕಂಬ ವಾಲಬಾರದು ಎಂಬ ಹಟ ಅದು.

1927ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಬಳಿ ಉಳಿದಿದ್ದ ಸಂಗ್ರಹವನ್ನು ಕೊಂಡು ಉಳಿಸಿದವಳು ಅಮೆರಿಕದ ಬೆರೆನಿಸ್ ಆಬಟ್. 1929ರಲ್ಲಿ ನ್ಯೂಯಾರ್ಕಿಗೆ ಮರಳಿದ ಆಕೆಗೆ ತನ್ನ ಊರೇ ಗುರುತು ಸಿಗದಷ್ಟು ಬದಲಾಗಿತ್ತು. ಗಗನಚುಂಬಿಗಳನ್ನು ಆ ಮೊದಲೇ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದಿದ್ದ. ಹಿಮದ ನಡುವೆ ನಿಂತ ಫ್ಲಾಟ್‌ಐರನ್ ಕಟ್ಟಡದ ಅವನ ಚಿತ್ರದಲ್ಲಿ ಕವಿತೆಯ ಮೃದುತ್ವವಿತ್ತು. ಆಬಟ್ ಬಯಸಿದ್ದು ಸ್ಪಷ್ಟತೆ. 1930ರ ದಶಕದ ಆರಂಭದಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮೇಲಿನಿಂದ ತೆಗೆದ ಅವಳ ರಾತ್ರಿಯ ನಗರದ ಚಿತ್ರ ಇದಕ್ಕೆ ಮಾದರಿ. ಎಲ್ಲ ಕಿಟಕಿಗಳಲ್ಲೂ ದೀಪ ಉರಿಯಬೇಕು, ಆಕಾಶವೂ ಕತ್ತಲಾಗಿರಬೇಕು. ಕಚೇರಿ ಬಿಡುವುದು ಐದು ಗಂಟೆಗೆ. ಆದ್ದರಿಂದ ಹಗಲು ಅತಿ ಚಿಕ್ಕದಾಗಿರುವ ಡಿಸೆಂಬರಿನ ಸಂಜೆಯನ್ನೇ ಆರಿಸಿಕೊಂಡು, ಹದಿನೈದು ನಿಮಿಷದ ಒಂದೇ ಎಕ್ಸ್‌ಪೋಷರಿನಲ್ಲಿ ಅವಳು ಅದನ್ನು ಸಾಧಿಸಿದಳು. 1935ರಿಂದ ಸರ್ಕಾರದ ಕಲಾ ಯೋಜನೆಯಡಿ ನಡೆಸಿದ ಅವಳ ನ್ಯೂಯಾರ್ಕ್ ದಾಖಲೀಕರಣ 1939ರಲ್ಲಿ ಪುಸ್ತಕವಾಯಿತು.

ಕೆಂಪು ಫಿಲ್ಟರ್, ಹನ್ನೊಂದು ವಲಯ

1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್, ಬಣ್ಣದ ದ್ರಾವಣ ಬೆರೆಸಿದರೆ ಫಲಕಕ್ಕೆ ಹಸಿರೂ ಕಾಣುತ್ತದೆಂದು ಕಂಡುಹಿಡಿದ. 1906ರ ಹೊತ್ತಿಗೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳು ಮಾರುಕಟ್ಟೆಗೆ ಬಂದವು. ಇದರಿಂದ ಆಕಾಶವನ್ನು ಹೇಗೆ ಬೇಕೋ ಹಾಗೆ ತೋರಿಸುವ ಹಿಡಿತ ಸಿಕ್ಕಿತು. ಕೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆಯುವುದರಿಂದ ಆಕಾಶ ಕಪ್ಪಾಗುತ್ತದೆ, ಬಿಸಿಲು ಬಿದ್ದ ಬಂಡೆ ಹೊಳೆಯುತ್ತದೆ.

1927ರ ಏಪ್ರಿಲ್ 10ರಂದು ಯೊಸೆಮಿಟಿಯ ಹಾಫ್ ಡೋಮ್ ಬಂಡೆಯೆದುರು ನಿಂತ ಆನ್ಸೆಲ್ ಆಡಮ್ಸ್ ಬಳಿ ಎರಡೇ ಫಲಕ ಉಳಿದಿದ್ದವು. ಒಂದನ್ನು ಹಳದಿ ಫಿಲ್ಟರಿನಲ್ಲಿ ತೆಗೆದರು. ಕಣ್ಣೆದುರಿನ ಬಂಡೆ ಮನಸ್ಸಿನಲ್ಲಿ ಎಬ್ಬಿಸಿದ ಗಾಂಭೀರ್ಯ ಅದರಲ್ಲಿ ಬರಲಾರದು ಅನ್ನಿಸಿತು. ಕೊನೆಯ ಫಲಕಕ್ಕೆ ಕಡು ಕೆಂಪು ಫಿಲ್ಟರ್ ಹಾಕಿದರು. ಹೆಚ್ಚುಕಡಿಮೆ ಕಪ್ಪು ಆಕಾಶದ ಎದುರು ಬಂಡೆಯ ಕಡಿದಾದ ಮುಖ ಎದ್ದು ಬಂತು. ಪ್ರಿಂಟ್ ಹೇಗಿರಬೇಕೆಂಬುದನ್ನು ಶಟರ್ ಒತ್ತುವ ಮೊದಲೇ ಮನಸ್ಸಿನಲ್ಲಿ ಕಾಣುವ ಪದ್ಧತಿಗೆ ಆ ದಿನವೇ ತಳಹದಿ ಎಂದು ಅವರು ಭಾವಿಸಿದ್ದರು.

ಫ್ರೆಡ್ ಆರ್ಚರ್ ಜೊತೆಗೂಡಿ ಅವರು 1940ರ ಸುಮಾರಿಗೆ ರೂಪಿಸಿದ ವಲಯ ಪದ್ಧತಿ ಈ ಕಾಣ್ಕೆಗೆ ಲೆಕ್ಕ ಕೊಟ್ಟಿತು. ಅಚ್ಚ ಕಪ್ಪಿನಿಂದ ಅಚ್ಚ ಬಿಳಿಯವರೆಗೆ ಹನ್ನೊಂದು ಮೆಟ್ಟಿಲು. ನಡುವಿನ ಬೂದು ಐದನೆಯ ವಲಯ. ಬೇಲೂರಿನ ನವರಂಗದ ಒಳಗಿನ ಕಪ್ಪು ಕಂಬವೂ ಹೊರಗಿನ ಬಿಸಿಲಂಗಳವೂ ಒಂದೇ ಚಿತ್ರದಲ್ಲಿ ಬರಬೇಕು ಎಂದುಕೊಳ್ಳಿ. ಕಂಬದ ಕಡೆತದ ಗೆರೆಗಳು ಮೂರನೆಯ ವಲಯದಲ್ಲಿ ಉಳಿಯುವಂತೆ ಎಕ್ಸ್‌ಪೋಷರ್ ಕೊಟ್ಟು, ಅಂಗಳ ಸುಟ್ಟುಹೋಗದಂತೆ ಡೆವಲಪ್ ಸಮಯವನ್ನು ಕಡಿಮೆ ಮಾಡಬೇಕು. ನೆರಳಿಗೆ ಎಕ್ಸ್‌ಪೋಷರ್, ಬೆಳಕಿಗೆ ಡೆವಲಪ್: ಈ ಸೂತ್ರ ಕಾಡಿಗೂ ಕಟ್ಟಡಕ್ಕೂ ಒಂದೇ. ಆಡಮ್ಸ್‌ರ ಸಿಯೆರಾ ನೆವಾಡಾ ಚಿತ್ರಗಳ ಪುಸ್ತಕ 1938ರಲ್ಲಿ ಬಂತು; ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಕ್ಕಾಗಿ ನಡೆದ ಹೋರಾಟದಲ್ಲಿ ಅದು ಅಧಿಕಾರಸ್ಥರ ಮೇಜಿಗೂ ಹೋಯಿತು. 1940ರಲ್ಲಿ ಉದ್ಯಾನ ಘೋಷಣೆಯಾಯಿತು.

ಎರಡು ಧಾರೆಗಳು ಕೂಡಿದ ಬಗೆ

ಎರಡನೆಯ ಮಹಾಯುದ್ಧದ ನಂತರ ವಾಸ್ತುಶಿಲ್ಪಿ ಲ ಕಾರ್ಬುಸಿಯೆಗೆ ಜೊತೆಯಾದ ಲೂಸಿಯನ್ ಹೆರ್ವೆ ಚಂಡೀಗಢದ ಕಾಂಕ್ರೀಟನ್ನು ಚೂಪು ನೆರಳುಗಳಲ್ಲಿ ತೋರಿಸಿದರು. ಜರ್ಮನಿಯ ಬರ್ನ್ ಮತ್ತು ಹಿಲ್ಲಾ ಬೆಹರ್ ದಂಪತಿ 1959ರಿಂದ ಇದಕ್ಕೆ ವಿರುದ್ಧ ದಾರಿ ಹಿಡಿದರು. ನೀರಿನ ಗೋಪುರ, ಗಣಿಯ ಎತ್ತುಗೋಪುರ, ಕುಲುಮೆಗಳನ್ನು ಮೋಡ ಮುಚ್ಚಿದ ದಿನ, ನೆರಳಿಲ್ಲದಂತೆ, ನೇರ ಎದುರಿನಿಂದ ತೆಗೆದು ಸಾಲಾಗಿ ಜೋಡಿಸಿದರು. ಆ ಕಾರ್ಖಾನೆಗಳಲ್ಲಿ ಎಷ್ಟೋ ಈಗ ಇಲ್ಲ.

1975ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ವಿಲಿಯಂ ಜೆಂಕಿನ್ಸ್ ಏರ್ಪಡಿಸಿದ ಪ್ರದರ್ಶನದಲ್ಲಿ ಬೆಹರ್ ದಂಪತಿಯ ಜೊತೆ ರಾಬರ್ಟ್ ಆಡಮ್ಸ್, ಲೂಯಿಸ್ ಬಾಲ್ಟ್ಸ್ ಮೊದಲಾದವರಿದ್ದರು. ಸ್ಟೀಫನ್ ಶೋರ್ ಒಬ್ಬರನ್ನು ಬಿಟ್ಟು ಉಳಿದವರದೆಲ್ಲ ಕಪ್ಪು-ಬಿಳುಪು. ಕೊಲರಾಡೊದ ಬೆಟ್ಟಗಳ ತಪ್ಪಲಲ್ಲಿ ಏಳುತ್ತಿದ್ದ ಒಂದೇ ಅಚ್ಚಿನ ಮನೆಗಳನ್ನು ರಾಬರ್ಟ್ ಆಡಮ್ಸ್ ಪ್ರಖರ ಬಿಸಿಲಿನಲ್ಲಿ ತೆಗೆದಿದ್ದರು. ಊರು ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಶುರುವಾಗುತ್ತದೆ ಎಂದು ಆ ಚಿತ್ರಗಳಲ್ಲಿ ಗೆರೆ ಎಳೆಯಲಾಗದು. ಈ ಕ್ಷೇತ್ರದ ಅತಿ ದೊಡ್ಡ ತಿರುವು ಇದೇ ಎಂಬುದು ನನ್ನ ಅಭಿಪ್ರಾಯ. ಪಶ್ಚಿಮಘಟ್ಟದ ಅಂಚಿನಲ್ಲಿ ರೆಸಾರ್ಟುಗಳು ಏಳುತ್ತಿರುವಾಗ ನಮಗೆ ಬೇಕಾದ ಕಣ್ಣು ಅದು.

ನಮ್ಮಲ್ಲಿ ಕಾಡಿನ ಕಪ್ಪು-ಬಿಳುಪಿಗೆ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರ ಪರಂಪರೆಯಿದೆ. ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಘೋರ್ಪಡೆಯವರ ಕಾಡಿನ ಚಿತ್ರಗಳ ಪುಸ್ತಕ 1983ರಲ್ಲಿ ಹೊರಬಂತು.

ಡಿಜಿಟಲ್ ಕಾಲ

ಡಿಜಿಟಲ್ ಬಂದ ಮೇಲೆ ಫಿಲ್ಟರಿನ ನಿರ್ಧಾರ ಕಂಪ್ಯೂಟರಿಗೆ ಸರಿಯಿತು. ಕೆಂಪು, ಹಸಿರು, ನೀಲಿಗಳನ್ನು ಎಷ್ಟೆಷ್ಟು ಬೂದಾಗಿಸಬೇಕೆಂದು ಆಮೇಲೆ ತೀರ್ಮಾನಿಸಬಹುದು. ಬಣ್ಣವನ್ನೇ ದಾಖಲಿಸದ ಕ್ಯಾಮೆರಾವನ್ನು ಲೈಕಾ ಕಂಪನಿ 2012ರಲ್ಲಿ ತಂದಿತು. ಬ್ರೆಜಿಲ್‌ನ ಸೆಬಾಸ್ಟಿಯಾವ್ ಸಲ್ಗಾಡೊ 2004ರಲ್ಲಿ ಆರಂಭಿಸಿದ ಅರಣ್ಯ, ಹಿಮ, ಮರುಭೂಮಿಗಳ ಮಹಾಯಾತ್ರೆಯ ನಡುವೆಯೇ ಫಿಲ್ಮ್ ಬಿಟ್ಟು ಡಿಜಿಟಲ್‌ಗೆ ಬಂದರು, ಕಪ್ಪು-ಬಿಳುಪನ್ನು ಬಿಡಲಿಲ್ಲ. 2025ರಲ್ಲಿ ತೀರಿಕೊಂಡ ಅವರು ಪತ್ನಿ ಲೇಲಿಯಾ ಜೊತೆ ತಮ್ಮ ಕುಟುಂಬದ ಬರಡು ನೆಲದಲ್ಲಿ ಕಾಡನ್ನೇ ಮತ್ತೆ ಬೆಳೆಸಿದರು.

ಉಪಕರಣ ಬದಲಾದರೂ ಸಾಕ್ಷ್ಯ ಉಳಿಯುವುದು ಕಾಪಾಡಿದರೆ ಮಾತ್ರ. ವಾಟ್‌ಕಿನ್ಸ್‌ನ ಸಂಗ್ರಹ 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪ ಮತ್ತು ಬೆಂಕಿಯಲ್ಲಿ ನಾಶವಾಯಿತು. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳಲ್ಲಿ, ಮನೆಯ ಅಟ್ಟಗಳಲ್ಲಿ ನೆಗೆಟಿವ್‌ಗಳು ಸೆಕೆಗೆ, ತೇವಕ್ಕೆ ಸಿಕ್ಕಿ ಹುಳಿ ವಾಸನೆ ಹೊಡೆಯುತ್ತ ಹಾಳಾಗುತ್ತಿವೆ. ಅವುಗಳಲ್ಲಿ ಕೆಡವಿದ ಪೇಟೆಬೀದಿ, ಮುಳುಗಿದ ಊರು, ಕಡಿದ ಕಾಡು ಇರಬಹುದು. ನಿಮ್ಮಲ್ಲಿ ಅಂಥ ಪೆಟ್ಟಿಗೆ ಇದ್ದರೆ ಎಸೆಯಬೇಡಿ. ತಂಪಾದ ಒಣ ಜಾಗದಲ್ಲಿಡಿ, ಲಕೋಟೆಯ ಮೇಲೆ ಊರು-ವರ್ಷವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ಹತ್ತಿರದ ಗ್ರಂಥಾಲಯಕ್ಕೋ ವಸ್ತುಸಂಗ್ರಹಾಲಯಕ್ಕೋ ಕೊಡಿ.